ಹೆಬ್ಬೆಟ್ಟಿನ ಲೆಕ್ಕ

1988ರಲ್ಲಿ ಶಿವಮೊಗ್ಗ ಧರ್ಮಪ್ರಾಂತ್ಯ ಆಗುವುದಕ್ಕೆ ಮುಂಚೆ, ನಾವಿನ್ನೂ ಚಿಕ್ಕಮಗಳೂರಿಗೆ ಸೇರಿದ್ದ ಕಾಲ. ಭದ್ರಾವತಿ ನ್ಯೂಟೌನಿನ ನಮ್ಮ ಕ್ವಾರ್ಟರ್ಸ್ ಜಗಲಿಯಲ್ಲಿ ಶನಿವಾರ ಸಂಜೆ ಬೈಬಲ್ ಓದಲು ಹತ್ತು ಹನ್ನೆರಡು ಜನ ಸೇರುತ್ತಿದ್ದರು. ಅಪ್ಪ ಉಕ್ಕಿನ ಕಾರ್ಖಾನೆಯ ಕಾಯಂ ನೌಕರ, ಬಂದವರಲ್ಲಿ ಹೆಚ್ಚಿನವರು ಗುತ್ತಿಗೆ ಕೂಲಿಗಳು. ಅಮ್ಮ ಬೆಲ್ಲದ ಕಾಫಿ ಕೊಡುವಳು. ಫಾದರ್ ಚಾಪೆಯ ಮೇಲೇ ಕೂರುತ್ತಿದ್ದರು.

ಒಂದು ಸಂಜೆ ಓದಿದ್ದು ದ್ರಾಕ್ಷಿತೋಟದ ಕೂಲಿಗಳ ಸಾಮತಿ. ಹೊತ್ತು ಮುಳುಗುವಾಗ ಬಂದವನಿಗೂ ಯಜಮಾನ ಪೂರ್ತಿ ಕೂಲಿ ಕೊಟ್ಟ ಕಥೆ. ಮೂಲೆಯಲ್ಲಿದ್ದವನೊಬ್ಬ, "ನಮಗೆ ಬೆಳಗ್ಗೆಯಿಂದ ದುಡಿದರೂ ಪೂರ್ತಿ ಬರಲ್ಲ ಫಾದರ್. ಒಂದು ಲೆಕ್ಕಕ್ಕೆ ಹೆಬ್ಬೆಟ್ಟು ಒತ್ತಿಸ್ಕೋತಾರೆ, ಕೈಗೆ ಬರೋದೇ ಬೇರೆ" ಅಂದ. ಅವನ ಹೆಬ್ಬೆರಳಲ್ಲಿ ನೇರಳೆ ಶಾಯಿ ಇನ್ನೂ ಆರಿರಲಿಲ್ಲ. ಫಾದರ್ ಬೈಬಲ್ ಮುಚ್ಚಿ, ಒಬ್ಬೊಬ್ಬರ ಲೆಕ್ಕವನ್ನೂ ಬರೆದುಕೊಂಡರು. ಸೋಮವಾರ ಅವರೊಟ್ಟಿಗೆ ಗುತ್ತಿಗೆದಾರನ ಮನೆಗೆ ನಡೆದೇ ಹೋದರು. ಎರಡು ತಿಂಗಳ ಬಾಕಿ ಬಂತು.

ಇದಕ್ಕೆ ವಿಮೋಚನಾ ದೈವಶಾಸ್ತ್ರ ಅನ್ನುತ್ತಾರೆಂದು ನನಗೆ ತಿಳಿದದ್ದು ಬಹಳ ತಡವಾಗಿ. 1968ರಲ್ಲಿ ಕೊಲಂಬಿಯಾದ ಮೆಡೆಲಿನ್‌ನಲ್ಲಿ ಸೇರಿದ ಬಿಷಪರು, 1971ರಲ್ಲಿ ಪೆರುವಿನ ಗುಸ್ತಾವೊ ಗುಟಿಯೆರೆಸ್ ಬರೆದ ಪುಸ್ತಕ, ಇವೆಲ್ಲ ಆಮೇಲಿನ ಓದು. ಬಡವನಿಗೆ ಅನ್ನ ಕೊಟ್ಟರಷ್ಟೇ ಸಾಲದು, ಅವನು ಯಾಕೆ ಬಡವನಾದ ಎಂದು ಕೇಳಬೇಕು ಎಂಬುದು ಅದರ ತಿರುಳು. ಭದ್ರಾವತಿಗೆ ಇದು ಪರದೇಶದ ಮಾತಲ್ಲ. ಬಿ. ಕೃಷ್ಣಪ್ಪನವರು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಲೇ 70ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದ್ದು ಇದೇ ಊರಿನಲ್ಲಿ. ಜಗಲಿಗೆ ಬರುತ್ತಿದ್ದವರಲ್ಲಿ ಕೆಲವರು ಆ ಸಭೆಗಳಿಗೂ ಹೋಗುತ್ತಿದ್ದರು.

ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟ್‌ನಲ್ಲಿ ವರ್ಷಗಟ್ಟಲೆ ಯುವಕರನ್ನು ಇದೇ ದಾರಿಗೆ ತಯಾರು ಮಾಡಿದ್ದ ಫಾದರ್ ಸ್ಟ್ಯಾನ್ ಸ್ವಾಮಿ 2021ರ ಜುಲೈ 5ರಂದು ವಿಚಾರಣಾಧೀನ ಕೈದಿಯಾಗಿಯೇ ತೀರಿಕೊಂಡರು. ಅವತ್ತು ನನಗೆ ಊಟ ಸೇರಲಿಲ್ಲ. ಆ ಚಾಪೆಯೇ ಕಣ್ಣ ಮುಂದೆ ಬರುತ್ತಿತ್ತು.

ಭದ್ರಾವತಿಯಲ್ಲಿ ಈಗ ಪೇಪರ್ ಮಿಲ್ ನಿಂತುಹೋಗಿದೆ. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆ ಮುಚ್ಚುವ ಸುದ್ದಿ ಬಂದಾಗ ಧರಣಿ ಕೂತವರು ಮತ್ತದೇ ಗುತ್ತಿಗೆ ಕಾರ್ಮಿಕರು.

ಈಗ ನಾನಿರುವುದು ಶಿವಮೊಗ್ಗದ ಗೋಪಾಳದಲ್ಲಿ. ಇಲ್ಲೂ ಮನೆಮನೆಯಲ್ಲಿ ಜಪಸರ ನಡೆಯುತ್ತದೆ, ಭಕ್ತಿಗೇನೂ ಕೊರತೆಯಿಲ್ಲ. ವೀಸಾಕ್ಕೆ, ಪರೀಕ್ಷೆಗೆ, ಕಾಯಿಲೆಗೆ ಬೇಡಿಕೊಳ್ಳುತ್ತೇವೆ. ಕಳೆದ ತಿಂಗಳು ಸೆಕ್ಯುರಿಟಿ ಕೆಲಸದ ಹುಡುಗನೊಬ್ಬ ಯೂನಿಫಾರ್ಮಿನಲ್ಲೇ ಬಂದಿದ್ದ. ಹನ್ನೆರಡು ತಾಸಿನ ಡ್ಯೂಟಿ ಮುಗಿಸಿ ಬಂದವನು ತೂಕಡಿಸುತ್ತಿದ್ದ. ಅವನ ಸರದಿ ಬಂದಾಗ ಅಮ್ಮನ ಮಂಡಿನೋವಿಗಾಗಿ ಪ್ರಾರ್ಥಿಸಿ ಎಂದ. ಪ್ರಾರ್ಥಿಸಿದೆವು. ಸಂಬಳ ಎಷ್ಟು, ಕೈಗೆ ಎಷ್ಟು ಬರುತ್ತದೆ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.