ಭುಜದ ಕೃತಕ ಕೀಲು

ಸವೆದ ಕೀಲನ್ನು ತೆಗೆದು ಲೋಹದ ಕೀಲನ್ನು ಕೂಡಿಸುವ ಚಿಕಿತ್ಸೆಯು ಈಗ ಮಂಡಿ ಸೊಂಟಗಳಂತೆಯೇ ಭುಜಕ್ಕೂ ನಡೆಯುತ್ತಿರುವುದು. ನಮ್ಮ ಹಿರಿಯಕ್ಕನವರಿಗೆ ಇದು ಆಗಬೇಕೆಂದು ವೈದ್ಯರು ಹೇಳಿದಾಗ ಮನೆಯಲ್ಲಿ ಎರಡು ಪಕ್ಷಗಳಾದುವು. ರಾತ್ರಿಯೆಲ್ಲ ನೋವಿನಿಂದ ನರಳುವವರ ಮುಂದೆ ಅಪಾಯಗಳ ಮಾತೆತ್ತುವುದು ಅಶುಭವೆಂದು ಕೆಲವರೆಂದರು. ಎಲ್ಲವನ್ನೂ ಕೇಳಿ ತಿಳಿಯದೆ ಒಪ್ಪಿಗೆಯ ಕಾಗದಕ್ಕೆ ರುಜು ಹಾಕಲಾರೆನೆಂದು ಅಕ್ಕನವರೆಂದರು. ಅವರ ಮಾತೇ ನಿಂತಿತು. ಆಗ ನಾವು ತಿಳಿದುಕೊಂಡುದನ್ನು ವಾಚಕರಲ್ಲಿ ಅರಿಕೆ ಮಾಡುವೆವು.

1893ರಲ್ಲಿ ಪ್ಯಾರಿಸ್ ನಗರದ ಪೆಯಾನ್ ಎಂಬ ಶಸ್ತ್ರವೈದ್ಯನು ಕ್ಷಯದಿಂದ ಕೆಟ್ಟ ಭುಜವೊಂದಕ್ಕೆ ಪ್ಲಾಟಿನಂ ಮತ್ತು ರಬ್ಬರಿನ ಕೀಲನ್ನು ಕೂಡಿಸಿದನು. ಸುಮಾರು ಎರಡು ವರ್ಷಗಳಲ್ಲಿ ಸೋಂಕಿನ ದೆಸೆಯಿಂದ ಅದನ್ನು ತೆಗೆಯಬೇಕಾಯಿತು. ಇಂದಿನ ಕೀಲುಗಳು ಬಹುಮಂದಿಯಲ್ಲಿ 10 ವರ್ಷಗಳನ್ನು ಮೀರಿ ಬಾಳುವುವು. ಆದರೂ ಸೋಂಕಿನ ಭಯವು ಪೂರ್ಣವಾಗಿ ತೀರಿಲ್ಲ. ಭುಜ ಕಂಕುಳುಗಳ ಚರ್ಮದಲ್ಲಿ ಸಹಜವಾಗಿಯೇ ವಾಸಿಸುವ ಒಂದು ಸೂಕ್ಷ್ಮಜೀವಿಯು ಒಳಸೇರಿದರೆ, ಜ್ವರವಾಗಲಿ ಕೀವಾಗಲಿ ಇಲ್ಲದೆ, ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಬರಿಯ ನೋವು ಬಿಗಿತಗಳಾಗಿ ತೋರಬಲ್ಲುದು.

ಸೊಂಟದ ಕೀಲಿನ ಬಟ್ಟಲು ಆಳವಾದುದು. ಭುಜದ್ದು ತಟ್ಟೆಯಂತೆ ಚಪ್ಪಟೆ. ಆದುದರಿಂದ ಹೊಸ ಚೆಂಡು ಜಾರುವುದೂ, ಬಟ್ಟಲಿನ ಭಾಗವು ಕಾಲಕ್ರಮದಲ್ಲಿ ಸಡಿಲವಾಗುವುದೂ ಉಂಟು. ಸುತ್ತಲಿನ ಸ್ನಾಯುರಜ್ಜುಗಳು ಹರಿದಿದ್ದರೆ ಚೆಂಡು ಬಟ್ಟಲುಗಳನ್ನು ಅದಲುಬದಲು ಮಾಡಿ ಕೂಡಿಸುವ ಕ್ರಮವನ್ನು 1985ರಲ್ಲಿ ಫ್ರಾನ್ಸಿನ ಗ್ರಾಮೋಂ ಎಂಬ ವೈದ್ಯನು ಬಳಕೆಗೆ ತಂದನು. ಇದರಲ್ಲಿಯೂ ಕೀಲು ತಪ್ಪುವುದು, ಭುಜದ ನೆತ್ತಿಯ ಮೂಳೆ ಬಿರಿಯುವುದು ಮುಂತಾದ ತೊಡಕುಗಳಿವೆ. ನರಕ್ಕೆ ಪೆಟ್ಟಾಗಿ ತೋಳು ಜೋಮು ಹಿಡಿಯಬಹುದು. ಅದು ಬಹುಮಟ್ಟಿಗೆ ತಾನಾಗಿಯೇ ವಾಸಿಯಾಗುವುದು. ರಕ್ತವು ನಾಳದಲ್ಲಿ ಹೆಪ್ಪುಗಟ್ಟುವುದು ಅಪರೂಪವಾದರೂ ಪ್ರಾಣಾಪಾಯಕರ.

ಇದೆಲ್ಲವನ್ನೂ ಕೇಳಿದ ಅಕ್ಕನವರು ಹೆದರಿ ಹಿಂಜರಿಯಲಿಲ್ಲ. ಮಧುಮೇಹವು ಸೋಂಕಿಗೆ ಎಡೆಗೊಡುವುದೆಂದು ತಿಳಿದು, ಚಿಕಿತ್ಸೆಯನ್ನು ಮೂರು ತಿಂಗಳು ಮುಂದೂಡಿ ರಕ್ತದ ಸಕ್ಕರೆಯನ್ನು ಹತೋಟಿಗೆ ತಂದುಕೊಂಡರು. ಶಸ್ತ್ರಕ್ರಿಯೆಯಾದ ಮೇಲೆ ಕೆಲವು ವಾರ ತೋಳು ಜೋಲಿಪಟ್ಟಿಯಲ್ಲಿರಬೇಕಾಯಿತು. ಆ ಕೈಯನ್ನೂರಿ ಏಳಬಾರದೆಂಬ ಕಟ್ಟಳೆಯನ್ನು ಅವರಿಗಿಂತ ಮಿಗಿಲಾಗಿ ನಾವೇ ನೆನಪಿನಲ್ಲಿಟ್ಟುಕೊಂಡೆವು. ಈಗ ನೋವು ಬಹಳ ಇಳಿದಿದೆ. ಅಟ್ಟದ ಮೇಲಿನ ಡಬ್ಬಿಗೆ ಮಾತ್ರ ಕೈ ನಿಲುಕದು.

ಅಪಾಯಗಳನ್ನು ಮೊದಲೇ ಕೇಳುವುದು ವೈದ್ಯರಲ್ಲಿ ಅಪನಂಬಿಕೆಯಲ್ಲ. ಸಕ್ಕರೆ, ಹೊಗೆಸೊಪ್ಪು, ರಕ್ತ ತೆಳುಮಾಡುವ ಔಷಧ, ಚರ್ಮದ ಹುಣ್ಣು, ಇವುಗಳಲ್ಲಿ ಒಂದನ್ನೂ ವೈದ್ಯರಿಂದ ಮರೆಸಬಾರದು. ವರ್ಷಗಳ ಮೇಲೆ ನೋವು ಹೊಸದಾಗಿ ತಲೆಯೆತ್ತಿದರೆ ವಯಸ್ಸಿನದೆಂದು ತಳ್ಳಿಹಾಕದೆ ತೋರಿಸತಕ್ಕದ್ದು. ಕೀಲನ್ನು ಕೂಡಿಸುವುದು ವೈದ್ಯರ ಕೆಲಸ. ಅದನ್ನು ಕಾಪಾಡುವ ಭಾರದಲ್ಲಿ ಮನೆಯವರಿಗೂ ಪಾಲುಂಟು.