ಸೂರು ಇಳಿಯದ ಹಂಚಿನ ಮನೆ

ಬೆಳಿಗ್ಗೆ ತೆಕ್ಕಟ್ಟೆಯ ಹತ್ತಿರ ಬಸ್ಸಿಗೆ ಕಾಯುತ್ತ ನಿಂತಿದ್ದಾಗ, ರಸ್ತೆಯಾಚೆ ಏಳುತ್ತಿದ್ದ ಹೊಸ ಮನೆಯ ಜಗಲಿಯಲ್ಲಿ ಹುಡುಗನೊಬ್ಬ ಕಾಂಕ್ರೀಟ್ ಕಂಬಕ್ಕೆ ಬಣ್ಣ ಬಳಿಯುತ್ತಿದ್ದ. ಮೊದಲು ತೆಳು ಹಳದಿ, ಅದರ ಮೇಲೆ ಕಂದು. ಕಂದು ಆರುವ ಮೊದಲೇ ರಬ್ಬರಿನ ಹಣಿಗೆಯಂಥದ್ದನ್ನು ಮೇಲಿನಿಂದ ಕೆಳಕ್ಕೆ ಎಳೆಯುತ್ತಿದ್ದ. ಎಳೆದಲ್ಲಿ ಮರದ ಗೆರೆ ಮೂಡುತ್ತಿತ್ತು, ಅಲ್ಲಲ್ಲಿ ಮಣಿಕಟ್ಟು ತಿರುವಿದರೆ ಗಂಟೂ ಬೀಳುತ್ತಿತ್ತು. ರಸ್ತೆ ದಾಟಿ ಹೋಗಿ ನೋಡಿದೆ. ಅವನ ಕೈ ನಿಜಕ್ಕೂ ಪಳಗಿದ ಕೈ. “ಮುಟ್ಟಿ ಕಂಡ್ರೂ ಗೊತ್ತಾತಿಲ್ಲೆ ಕಾಣಿ” ಅಂದ, ಹೆಮ್ಮೆಯಿಂದ. ಒಣಗಿದ ಕಡೆ ಮುಟ್ಟಿದೆ. ತಣ್ಣಗಿತ್ತು. ಬಸ್ಸು ಹತ್ತಿದ ಮೇಲೂ ಮನಸ್ಸು ಕಹಿಯಾಗಿಯೇ ಇತ್ತು.

ಹಳೆಯದೆಲ್ಲ ಚೆಂದ, ಹೊಸದೆಲ್ಲ ಹಾಳು ಎಂದು ನಾನು ಹೇಳಲಾರೆ. ಹಳೇ ಮನೆಗಳ ಒಳಕೋಣೆಯ ಕತ್ತಲೆ, ಹೊಗೆಯಲ್ಲಿ ಕಣ್ಣು ಕೆಡಿಸಿಕೊಂಡ ಹೆಂಗಸರು, ಕಂಬದೊಳಗೆ ಸದ್ದಿಲ್ಲದೆ ತಿನ್ನುವ ಒರಲೆ, ಅಳಿಯಕಟ್ಟಿನ ಮೂಲಮನೆಗೆ ಲೆಕ್ಕವಿಲ್ಲದಷ್ಟು ಪಾಲುದಾರರಿದ್ದೂ ಒಂದು ಪಕಾಸು ಬದಲಿಸಲು ಯಾರೂ ಮುಂದೆ ಬಾರದಿರುವುದು, ಇದೆಲ್ಲ ನಮ್ಮ ಊರಿನಲ್ಲಿ ಎಲ್ಲರಿಗೂ ಗೊತ್ತಿರುವುದೇ. ಬಿಡಿ.

ನನ್ನ ತಕರಾರು ಸೂರಿನದ್ದು.

ಕುಂದಾಪುರ, ಬೈಂದೂರು, ಬ್ರಹ್ಮಾವರದ ಯಾವ ಹಳೇ ಮನೆಯನ್ನು ನೋಡಿದರೂ ಸೂರು ಎಷ್ಟು ಕೆಳಕ್ಕೆ ಇಳಿದಿರುತ್ತದೆ ಎಂಬುದನ್ನು ಗಮನಿಸಿ. ಎತ್ತರದವರು ತಲೆ ತಗ್ಗಿಸದೆ ಜಗಲಿ ಹತ್ತುವಂತಿಲ್ಲ. ಇದನ್ನು ವಿನಯ ಕಲಿಸುವ ವಾಸ್ತು ಎಂದು ವಿವರಿಸುವವರಿದ್ದಾರೆ. ನನಗೆ ಕಾಣುವ ಕಾರಣ ಮಳೆ. ನಮ್ಮ ಉಡುಪಿ ಜಿಲ್ಲೆಗೆ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅದೂ ನೆಟ್ಟಗೆ ಬೀಳುವ ಮಳೆಯಲ್ಲ, ಕಡಲ ಗಾಳಿಯ ಜೊತೆ ಓರೆಯಾಗಿ ಬಂದು ಹೊಡೆಯುವುದು. ಗೋಡೆಯೋ ಮಣ್ಣಿನದು, ಇಲ್ಲವೇ ನೀರು ಕುಡಿಯುವ ಕೆಂಪುಕಲ್ಲಿನದು. ಗೋಡೆ ಒದ್ದೆಯಾದರೆ ಮನೆ ಉಳಿಯದು. ಹಾಗಾಗಿ ಮಾಡು ಕಡಿದಾಗಿ ಎದ್ದು, ಜಗಲಿಯನ್ನೂ ದಾಟಿ ಅಂಗಳದತ್ತ ಬಾಗಿತು. ಜಗಲಿಯೆಂದರೆ ಮಳೆಗೂ ಗೋಡೆಗೂ ನಡುವೆ ಬಿಟ್ಟ ಜಾಗ. ಆ ಜಾಗದಲ್ಲಿ ನಾಲ್ಕು ತಿಂಗಳ ಬದುಕು ನಡೆಯಿತು. ತೆಂಗಿನಕಾಯಿ ಸುಲಿಯುವುದು, ಒದ್ದೆ ಕಂಬಳಿ ಹರವುವುದು, ಮಕ್ಕಳ ಮಗ್ಗಿ, ಬಂದವರಿಗೆ ಬೆಲ್ಲ ನೀರು. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಚಾವಡಿಯಲ್ಲಿ ತಾಳಮದ್ದಳೆಗೆ ಕೂತವರ ಅರ್ಥಗಾರಿಕೆ, ಹೊರಗೆ ಧೋ ಎಂದು ಸುರಿಯುವ ನೀರಿನ ಮೇಲೆ ದನಿ ಎತ್ತಿಯೇ ಬೆಳೆದದ್ದು ಎಂದು ನಾನು ನಂಬಿದ್ದೇನೆ.

ಈಗ ‘ಸಾಂಪ್ರದಾಯಿಕ ಶೈಲಿ’ಯ ಮನೆಯ ಸೂರು ಗೋಡೆಯಿಂದ ಒಂದಡಿ ಚಾಚಿದರೆ ಹೆಚ್ಚು. ಸೂರು ಇಳಿಸಿದರೆ ಗೋಡೆಗೆ ಅಂಟಿಸಿದ ಕೆಂಪುಕಲ್ಲಿನ ಬಿಲ್ಲೆ ರಸ್ತೆಗೆ ಕಾಣುವುದಿಲ್ಲವಲ್ಲ! ಮೇಲೆ ಕಾಂಕ್ರೀಟ್ ಸ್ಲ್ಯಾಬ್, ಸ್ಲ್ಯಾಬಿಗೆ ಸಿಮೆಂಟಿನಲ್ಲಿ ಕೂರಿಸಿದ ಹಂಚು. ಹಂಚು ಕೆಲಸ ಮಾಡುವುದು ರೀಪಿನ ಮೇಲೆ ಸುಮ್ಮನೆ ಕೂತಾಗ. ಒಂದರ ತೋಡಿಗೆ ಇನ್ನೊಂದರ ಅಂಚು ಸಿಕ್ಕಿಕೊಂಡು ನೀರನ್ನು ಕೆಳಕ್ಕೆ ದಾಟಿಸುತ್ತದೆ, ಸಂದಿನಿಂದ ಒಳಗಿನ ಬಿಸಿಗಾಳಿಯನ್ನು ಹೊರಕ್ಕೆ ಬಿಡುತ್ತದೆ. ಒಂದು ಒಡೆದರೆ ಅದೊಂದನ್ನೇ ತೆಗೆದು ಬೇರೆ ಹಾಕಬಹುದು. ಸ್ಲ್ಯಾಬಿಗೆ ಅಂಟಿಸಿದ ಹಂಚಿಗೆ ಇದರಲ್ಲಿ ಒಂದು ಕೆಲಸವೂ ಇಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಪಾಚಿ, ಬಿಲ್ಲೆಗಳ ಸಂದಿನಲ್ಲಿ ಕಪ್ಪು, ಒಳಗೋಡೆಯಲ್ಲಿ ತೇವ. ಮೂರನೆಯ ಮಳೆಗೆ ಆ ಹಂಚಿನ ಮೇಲೆಯೇ ತಗಡಿನ ಶೀಟು ಏರುತ್ತದೆ. ಮರದ ಬಣ್ಣದ ಕಂಬ, ಕಲ್ಲಿನ ಬಣ್ಣದ ಗೋಡೆ, ಹಂಚಿನ ಬಣ್ಣದ ಮಾಡು, ಅಷ್ಟರ ಮೇಲೆ ನೀಲಿ ತಗಡು. ಹೆದ್ದಾರಿಯುದ್ದಕ್ಕೂ ಇಂಥವು ಕಾಣುವಾಗ ನನಗೆ ನೋವಾಗುತ್ತದೆ.

ಇಂಗ್ಲೆಂಡಿನಲ್ಲೂ ಇದೇ ಕಥೆ. ಅಲ್ಲಿನ ಹಳೇ ಮನೆಗಳಲ್ಲಿ ಓಕ್ ಮರದ ಚೌಕಟ್ಟೇ ಮಾಡನ್ನು ಹೊರುತ್ತಿತ್ತು, ಸಂದುಗಳಿಗೆ ನಮ್ಮ ತಟ್ಟಿಗೋಡೆಯ ಹಾಗೆಯೇ ಕಡ್ಡಿ ಹೆಣೆದು ಮಣ್ಣು ಮೆತ್ತುತ್ತಿದ್ದರು. ಎರಡು ಮಹಾಯುದ್ಧಗಳ ನಡುವೆ ಪಟ್ಟಣಗಳ ಹೊರವಲಯದಲ್ಲಿ ಇಟ್ಟಿಗೆ ಗೋಡೆಗೆ ಕಪ್ಪು ಹಲಗೆ ಬಡಿದು ಅದೇ ರೂಪ ತಂದರು. ಅಲ್ಲಿನ ಕಲಾವಿಮರ್ಶಕ ಜಾನ್ ರಸ್ಕಿನ್ ಅದಕ್ಕೂ ಎಷ್ಟೋ ಮೊದಲು, 1849ರಲ್ಲಿ, ಕಟ್ಟಡದಲ್ಲಿ ನಡೆಯುವ ವಂಚನೆಗಳನ್ನು ಹೆಸರಿಸಿದ್ದ. ನಿಜವಾಗಿ ಭಾರ ಹೊರದದ್ದು ಹೊರುವಂತೆ ತೋರುವುದು, ಒಂದು ವಸ್ತುವಿಗೆ ಇನ್ನೊಂದರ ಬಣ್ಣ ಬಳಿಯುವುದು. ತೆಕ್ಕಟ್ಟೆಯ ಕಂಬದ ಎದುರು ಅವನನ್ನು ನಿಲ್ಲಿಸಬೇಕಿತ್ತು.

ಹಾಗಾದರೆ ನಾವು ಹಳೆಯದೆನ್ನುವ ಹಂಚು ತಾನೇ ಎಷ್ಟು ಹಳೆಯದು? ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅದಕ್ಕೂ ಮೊದಲು ಮುಳಿಹುಲ್ಲು, ಸೋಗೆ, ಸ್ವಲ್ಪ ಅನುಕೂಲಸ್ಥರಿಗೆ ಕುಂಬಾರರು ಮಾಡಿದ ನಾಡಹಂಚು. ಕೋಟದ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಕಾದಂಬರಿ ನೆನಪಾಗುತ್ತದೆ. ರಾಮ ಐತಾಳರಿಗೂ ಶೀನ ಮಯ್ಯರಿಗೂ ಮನೆ ಕಟ್ಟುವುದರಲ್ಲೂ ಪೈಪೋಟಿ, ಅದರ ಹಿಂದೆ ಬೆಂಗಳೂರಿನ ಹೋಟೆಲಿನ ದುಡ್ಡು. ಹೊಸ ದುಡ್ಡಿಗೆ ಹೊಸ ಮನೆ ಬೇಕೆನಿಸುವುದು ಸಹಜ, ಅದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಆ ಕಾಲದ ಹೊಸ ಹಂಚು ನಮ್ಮ ಮಳೆಗೆ ಒಗ್ಗಿತು. ಅದಕ್ಕೇ ಅದು ನಮ್ಮದಾಯಿತು.

ನಕಲಿನ ಬಗ್ಗೆ ಯೋಚಿಸುವಾಗ ನನ್ನನ್ನು ತಡೆದು ನಿಲ್ಲಿಸುವುದು ಶಿರಿಯಾರದ ಮೆಕ್ಕೆಕಟ್ಟು. ಅಲ್ಲಿನ ನಂದಿಕೇಶ್ವರ ದೇವಸ್ಥಾನದ ಹಳೆಯ ಮರದ ಭೂತದ ಮೂರ್ತಿಗಳು ಈಗ ದೆಹಲಿಯ ಕರಕುಶಲ ವಸ್ತು ಸಂಗ್ರಹಾಲಯದಲ್ಲಿವೆ. ಗುಡಿಯಲ್ಲಿರುವುದು ಅವುಗಳ ಜಾಗಕ್ಕೆ ಹೊಸದಾಗಿ ಕೆತ್ತಿದವು. ಆದರೂ ಹೊಸವನ್ನು ನಕಲಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಅವು ಮರದವೇ, ಅವುಗಳ ಮುಂದೆ ಜನ ಕೈ ಮುಗಿಯುತ್ತಾರೆ, ಹರಕೆ ಹೇಳಿಕೊಳ್ಳುತ್ತಾರೆ. ಇತ್ತ ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಬೀಳಲಿದ್ದ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ ‘ಹಸ್ತಶಿಲ್ಪ’ ಎಂಬ ಹಳೇ ಮನೆಗಳ ಊರಿನಲ್ಲಿ, ನಮ್ಮ ಕಡೆಯ ಹರ್ಕೂರಿನ ಒಳಗಿನ ಮನೆಯೂ ಇದೆ. ಕಂಬ, ಬಾಗಿಲು, ಮುಚ್ಚಿಗೆ ಎಲ್ಲ ಅಸಲಿ. ಶೆಣೈ ಅವರಿಗೆ ನಾವು ಋಣಿಗಳು. ಅವರು ಕೈ ಹಾಕದಿದ್ದರೆ ಆ ಮರವೆಲ್ಲ ಬಿಡಿಬಿಡಿಯಾಗಿ ಹಳೇ ಸಾಮಾನಿನ ವ್ಯಾಪಾರಿಗಳ ಕೈ ಸೇರುತ್ತಿತ್ತು. ಅಲ್ಲಿ ನಿಂತಾಗ ನನಗೆ ಕೊರತೆ ಕಂಡದ್ದು ಒಲೆಯ ಹೊಗೆಯದ್ದು ಮಾತ್ರ.

ಇಷ್ಟು ಹೇಳಿದವನು ಹಂಚಿನ ಮನೆಯನ್ನೇ ಕಟ್ಟಿ ಎಂದು ಯಾರಿಗಾದರೂ ಹೇಳಬಲ್ಲೆನೇ? ಮಳೆಗಾಲಕ್ಕೆ ಮುಂಚೆ ಮಾಡು ಹತ್ತಿ ಹಂಚು ಸರಿ ಮಾಡುವವರಲ್ಲಿ ಉಳಿದಿರುವ ಒಬ್ಬರನ್ನು ಕೇಳಿದೆ. “ಹಂಚ್ ಹೊದ್ಸುಕೆ ನಾ ಬತ್ತೆ, ಮಂಗನ್ ಕಾಂಬ್ದ್ ಯಾರ್?” ಅಂದರು. ಮಾತು ನಿಜ. ಬೈಂದೂರು ಕಡೆಯ ಗುಡ್ಡದ ಬುಡದಲ್ಲಿ ಹಂಚು ಇಳಿಸಿ ಶೀಟು ಹಾಕಿದವರಲ್ಲಿ ಬಹಳ ಮಂದಿಗೆ ಶೀಟಿನ ಮೇಲೆ ಪ್ರೀತಿಯೇನಿಲ್ಲ. ಮಂಗಗಳ ಹಿಂಡು ಮಾಡಿನಿಂದ ಮಾಡಿಗೆ ಹಾರಿ ಒಂದು ಬೆಳಗಿನಲ್ಲಿ ಒಡೆಯುವ ಹಂಚನ್ನು ಬದಲಿಸಿ ಅವರಿಗೆ ಸಾಕಾಗಿದೆ. ಮಂಗಗಳಾದರೂ ಏನು ಮಾಡಬೇಕು? ಗುಡ್ಡದ ತುಂಬ ಅಕೇಶಿಯಾ ನಿಂತಿದೆ, ಅದರಲ್ಲಿ ತಿನ್ನುವ ಹಣ್ಣಿಲ್ಲ.

ಹೆಬ್ಬಲಸು ಇದ್ದಿದ್ದರೆ ಬೇಸಿಗೆಯ ಕೊನೆಯಲ್ಲಿ ಅವಕ್ಕೆ ಹೊಟ್ಟೆ ತುಂಬ ಸಿಗುತ್ತಿತ್ತು. ನಮ್ಮ ಹಳೇ ಮನೆಗಳ ಕಂಬಕ್ಕೆ, ತೊಲೆಗೆ ಬಂದ ಮರಗಳಲ್ಲಿ ಅದೂ ಒಂದು. ಸಣ್ಣ ಮುಳ್ಳಿನ ಹಣ್ಣು, ಒಳಗೆ ಕಿತ್ತಳೆ ಬಣ್ಣದ ತೊಳೆ, ಹುಳಿ ಬೆರೆತ ಸಿಹಿ. ಬೀಜವನ್ನು ಒಣಗಿಸಿ ಇಟ್ಟರೆ ಹುಟ್ಟುವುದಿಲ್ಲ, ಹಣ್ಣು ಬಿದ್ದ ಹಾಗೆಯೇ ಊರಬೇಕು. ಮರ ದೊಡ್ಡದಾಗಲು ಮೊಮ್ಮಕ್ಕಳ ಕಾಲ ಬರಬೇಕು, ಗೊತ್ತು. ನಮ್ಮ ಹಿತ್ತಲಿನದು ಈ ವರ್ಷ ಚೆನ್ನಾಗಿ ಬಿಟ್ಟಿದೆ. ಬೇಕಾದವರು ಬಂದು ಬೀಜ ಒಯ್ಯಬಹುದು. ಜೂನ್ ಮೊದಲ ವಾರ ದಾಟಿದರೆ ಅಳಿಲು ಏನನ್ನೂ ಉಳಿಸುವುದಿಲ್ಲ.