ಎಲ್ಲರಿಗೂ ತೆರೆದ ಬಾಗಿಲು

ಪ್ರತಿವರ್ಷ ಜೂನ್ ತಿಂಗಳಲ್ಲಿ, ಊರಿನಿಂದ ಹೊಸದಾಗಿ ಮುಂಬಯಿಗೆ ಬಂದ ಕೆಲವು ಮಕ್ಕಳು ವರ್ಗಾವಣೆಯ ಪತ್ರವನ್ನು ಎದೆಗವಚಿಕೊಂಡು ನಮ್ಮ ಶಾಲೆಯ ಕಚೇರಿಯ ಮುಂದೆ ನಿಲ್ಲುವುದುಂಟು. ಆ ಮುಖಗಳನ್ನು ಕಂಡಾಗಲೆಲ್ಲ ನಮಗೆ ಬಾಲ್ಯದ ಗೆಳತಿಯೊಬ್ಬಳ ನೆನಪಾಗುತ್ತದೆ. ನಾವು ಅವಳಿಗೆ ಹೇಳಿದ ತಪ್ಪು ಬುದ್ಧಿವಾದವೊಂದು ಅದರ ಬೆನ್ನಿಗೇ ನೆನಪಾಗುತ್ತದೆ.

ಊರಿನ ಕನ್ನಡ ಶಾಲೆಯಲ್ಲಿ ಒಂದೇ ತರಗತಿಯಲ್ಲಿ ಓದಿದವರು ನಾವು. ಮುಂದೆ ನಾವು ಈ ನಗರದ ದಾರಿ ಹಿಡಿದೆವು. ಅವಳು ಮದುವೆಯಾಗಿ 2013ರಲ್ಲಿ ಅಮೆರಿಕೆಯ ಕ್ಯಾಲಿಫೋರ್ನಿಯಾಕ್ಕೆ ಹೋದಳು. ಮರುವರ್ಷ ದೂರವಾಣಿಯಲ್ಲಿ ಕೇಳಿದಳು: “ಇಲ್ಲಿ ಹತ್ತಿರದಲ್ಲೇ ಒಂದು ಕಮ್ಯುನಿಟಿ ಕಾಲೇಜಿದೆ. ಹದಿನೆಂಟು ತುಂಬಿದವರು ಯಾರು ಬೇಕಾದರೂ ಸೇರಬಹುದಂತೆ. ನೀನು ಪಾಠ ಹೇಳುವ ವೃತ್ತಿಯಲ್ಲಿದ್ದೀಯಲ್ಲ, ಹೇಳು, ಸೇರಲೇ?”

“ಯಾರು ಬೇಕಾದರೂ ಸೇರುವ ಕಾಲೇಜಿಗೆ ಬೆಲೆಯೇನು? ಸೇರುವುದಾದರೆ ವಿಶ್ವವಿದ್ಯಾನಿಲಯವನ್ನೇ ಸೇರು” ಎಂದುಬಿಟ್ಟೆವು. ಆ ಒಂದು ಮಾತಿನಿಂದ ಅವಳು ಇಡೀ ವರ್ಷ ಸುಮ್ಮನೆ ಮನೆಯಲ್ಲುಳಿದಳೆಂಬುದು ನಮಗೆ ತಿಳಿದುದು ಬಹಳ ತಡವಾಗಿ.

ನಮ್ಮ ಅಜ್ಞಾನದ ಅಳತೆಯೂ ಅನಂತರವೇ ತಿಳಿಯಿತು. 1901ರಲ್ಲಿ ಇಲಿನಾಯ್ ಸಂಸ್ಥಾನದ ಜೋಲಿಯೆಟ್ ಎಂಬಲ್ಲಿ, ಪ್ರೌಢಶಾಲೆಯೊಂದರ ಆಶ್ರಯದಲ್ಲಿ, ಕೇವಲ ಆರು ಮಂದಿ ವಿದ್ಯಾರ್ಥಿಗಳಿಂದ ಇಂತಹ ಕಾಲೇಜು ಆರಂಭವಾಯಿತು. 1960ರಲ್ಲಿ ಕ್ಯಾಲಿಫೋರ್ನಿಯಾ ತನ್ನ ಉನ್ನತ ಶಿಕ್ಷಣಕ್ಕೆ ಒಂದು ಯೋಜನೆಯನ್ನು ರೂಪಿಸಿತು. ವಿಶ್ವವಿದ್ಯಾನಿಲಯಗಳು ಮುಂದಿನ ಸಾಲಿನ ವಿದ್ಯಾರ್ಥಿಗಳನ್ನು ಆರಿಸಿಕೊಳ್ಳಲಿ. ಈ ಕಾಲೇಜುಗಳು ಮಾತ್ರ ಎಲ್ಲರಿಗೂ ತೆರೆದಿರಲಿ. ಇಲ್ಲಿ ಎರಡು ವರ್ಷ ಓದಿದವರು ಅಲ್ಲಿಯ ಮೂರನೆಯ ವರ್ಷಕ್ಕೆ ಹೋಗಲಿ ಎಂಬುದು ಅದರ ಆಶಯ. ಪದವಿಗೆ ಸಾಮಾನ್ಯವಾಗಿ ಬೇಕಾದ 120 ಯೂನಿಟ್‌ಗಳಲ್ಲಿ 60ನ್ನು ಕಮ್ಯುನಿಟಿ ಕಾಲೇಜಿನಲ್ಲಿಯೇ, ಕಡಿಮೆ ಶುಲ್ಕದಲ್ಲಿ, ಗಳಿಸಬಹುದು.

ಗೆಳತಿ ಕೊನೆಗೆ ನಮ್ಮ ಮಾತನ್ನು ಬದಿಗಿಟ್ಟು 2015ರಲ್ಲಿ ಸೇರಿದಳು. ಆದರೆ ತೆರೆದ ಬಾಗಿಲಿನ ಒಳಗೂ ತೊಡಕುಗಳಿದ್ದವು. ಇಂಗ್ಲಿಷಿನ ಪರೀಕ್ಷೆ ಮಾಡಿ ಅವಳನ್ನು ಎರಡು ಮೆಟ್ಟಲು ಕೆಳಗಿನ ತರಗತಿಯಲ್ಲಿ ಕೂರಿಸಿದರು. ವರ್ಷವೆಲ್ಲ ಕಷ್ಟಪಟ್ಟು ಓದಿ ಉತ್ತೀರ್ಣಳಾದಳು. ಆ ಯೂನಿಟ್‌ಗಳು ವಿಶ್ವವಿದ್ಯಾನಿಲಯದ 60ರ ಲೆಕ್ಕಕ್ಕೆ ಬರುವುದಿಲ್ಲವೆಂದು ಅನಂತರ ತಿಳಿಯಿತು. ತನಗೆ ತೋಚಿದಂತೆ ಆರಿಸಿಕೊಂಡ ಇನ್ನೊಂದು ವಿಷಯವೂ ಹಾಗೆಯೇ ವ್ಯರ್ಥವಾಯಿತು. ಅಂತಹ ಕೆಳತರಗತಿಗಳಿಗೆ ವಿದ್ಯಾರ್ಥಿಗಳನ್ನು ಸುಲಭವಾಗಿ ತಳ್ಳದಂತೆ ಕಾನೂನಾದುದು 2017ರಲ್ಲಿ. ಅವಳಿಗೆ ಅದರಿಂದ ಪ್ರಯೋಜನವಾಗಲಿಲ್ಲ.

ಆ ರಾತ್ರಿ ಅಡುಗೆಮನೆಯಲ್ಲಿ ಕುಳಿತು ಅತ್ತಳಂತೆ. ಮರುದಿನ ಕಾಲೇಜಿನ ಮಾರ್ಗದರ್ಶಕರ ಬಳಿ ಹೋಗಿ, ಯಾವ ವಿಷಯ ಸಲ್ಲುತ್ತದೆ, ಯಾವುದು ಸಲ್ಲದು ಎಂದು ಒಂದೊಂದಾಗಿ ಕೇಳಿ ಬರೆದುಕೊಂಡಳು. ವರ್ಗಾವಣೆಗೆಂದೇ ಗೊತ್ತುಪಡಿಸಿದ ಪದವಿಯನ್ನು ಪಡೆದವರಿಗೆ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯ ಯಾವುದಾದರೊಂದು ಶಾಖೆಯಲ್ಲಿ ಸ್ಥಳ ದೊರೆಯಲೇಬೇಕೆಂದು 2010ರಲ್ಲಿಯೇ ಕಾನೂನಾಗಿತ್ತು. ಆ ದಾರಿಯನ್ನೇ ಹಿಡಿದು 2018ರಲ್ಲಿ ವಿಶ್ವವಿದ್ಯಾನಿಲಯಕ್ಕೆ ಹೋದಳು.

ಅಲ್ಲಿ ಉಳಿದವರೆಲ್ಲ ಮೊದಲ ವರ್ಷದಿಂದ ಒಡನಾಡಿಗಳು. ಇವಳೊಬ್ಬಳು ಮೂರನೆಯ ವರ್ಷದ ಹೊಸಬಳು. ಮೊದಲ ಪರೀಕ್ಷೆಯಲ್ಲಿ ಅಂಕಗಳು ಕುಸಿದವು. ಮೆಲ್ಲನೆ ಚೇತರಿಸಿಕೊಂಡಳು. 2020ರಲ್ಲಿ, ಕೊರೋನಾದ ದಿನಗಳಲ್ಲಿ, ಪದವಿಪತ್ರ ಅಂಚೆಯಲ್ಲಿ ಮನೆಗೆ ಬಂದಿತು. “ನಾಲ್ಕು ವರ್ಷವೂ ಇಲ್ಲಿಯೇ ಓದಿದವರಿಗೆ ಕೊಟ್ಟ ಪತ್ರವೇ ನನಗೂ ಬಂದಿದೆ, ನೋಡು” ಎಂದು ಅದರ ಚಿತ್ರವನ್ನು ಕಳುಹಿಸಿದಳು. ನಮ್ಮ ಹಳೆಯ ಮಾತನ್ನು ಎತ್ತಿ ಆಡಲಿಲ್ಲ. ಆಡಿದ್ದರೆ ನಮಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲವೇನೋ.

ವಿದ್ಯಾರ್ಥಿಗಳೇ, ಕನ್ನಡ ಶಾಲೆಯೆಂದರೆ ಕೀಳೆಂದು ಈ ನಗರದಲ್ಲಿ ನಿಮ್ಮ ಕಿವಿಗೂ ಬಿದ್ದಿರಬಹುದು. ಎಲ್ಲರನ್ನೂ ಒಳಗೆ ಕರೆಯುವ ಬಾಗಿಲು ಅದರಿಂದಲೇ ಅಗ್ಗವಾಗುವುದಿಲ್ಲ. ಆದರೆ ಬಾಗಿಲು ದಾಟಿದ ಮಾತ್ರಕ್ಕೆ ಊರು ಸೇರಿದಂತೆಯೂ ಅಲ್ಲ. ಮುಂದೆ ವರ್ಗವಾಗಬೇಕೆಂದು ಅಲ್ಲಿ ಸೇರಿದವರಲ್ಲಿ ಬಹುಮಂದಿ ನಡುದಾರಿಯಲ್ಲೇ ನಿಂತುಬಿಡುತ್ತಾರೆ. ಆದುದರಿಂದ ಹೊರಡುವ ಮೊದಲೇ ದಾರಿಯನ್ನು ಕೇಳಿರಿ, ಬಲ್ಲವರನ್ನು ಕೇಳಿರಿ. ನಮ್ಮನ್ನೂ ಕೇಳಬಹುದು, ತಿಳಿಯದಿದ್ದರೆ ತಿಳಿಯದೆಂದು ಹೇಳುವುದನ್ನು ನಾವು ಈಗ ಕಲಿತಿದ್ದೇವೆ.